ಎಲ್ಲರ ಕಣ್ಣೂ ಅಲಿ ಮೇಲೆ

ಹೋದ ವಾರ ಮ್ಯೂನಿಕ್‌ನಲ್ಲಿ ನಾವೊಂದಿಷ್ಟು ಕನ್ನಡದವರು ಸೇರಿ ಒಂದು ಹಳೇ ಜರ್ಮನ್ ಸಿನಿಮಾ ನೋಡಿ, ಆಮೇಲೆ ಕೂತು ಮಾತಾಡಿದ್ವಿ. ಆವತ್ತು ನಾನು ಆಡಿದ್ದನ್ನ ಬರೆದು ಕೊಡಿ ಅಂತ ಬರೋಕಾಗದೇ ಇದ್ದವರು ಕೇಳಿದ್ರು, ಅದಕ್ಕೆ ಇದು. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಟೈಮ್ ಸಾಲದೆ ಆವತ್ತು ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದೀನಿ ಅಷ್ಟೆ.

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಸಿನಿಮಾ ಮುಗಿದಿದೆ, ಕೆಲವರು ಇನ್ನೂ ಸುಮ್ಮನೆ ಕೂತಿದೀರಿ, ಹಾಗಾಗಿ ದೊಡ್ಡ ಪೀಠಿಕೆ ಹಾಕಲ್ಲ. ‘ಆಂಗ್ಸ್ಟ್ ಎಸ್ಸೆನ್ ಝೀಲೆ ಆಉಫ್’, ಅಂದ್ರೆ ಭಯ ಆತ್ಮನ ತಿಂದುಹಾಕತ್ತೆ ಅಂತ, ಹೊರಗಿನವರಿಗೆ ‘ಅಲಿ: ಫಿಯರ್ ಈಟ್ಸ್ ದ ಸೋಲ್’ ಅಂತ ಗೊತ್ತು. ರೈನರ್ ವೆರ್ನರ್ ಫಾಸ್‌ಬಿಂಡರ್ ಇದನ್ನ ತೆಗೆದಿದ್ದು 1973ರ ಸೆಪ್ಟೆಂಬರ್‌ನಲ್ಲಿ, ಇದೇ ಊರಲ್ಲಿ, ಸುಮಾರು ಎರಡೇ ವಾರದಲ್ಲಿ, ಎರಡು ದೊಡ್ಡ ಕೆಲಸಗಳ ನಡುವೆ ಸಿಕ್ಕ ಬಿಡುವಲ್ಲಿ. ಆಗ ಅವರಿಗೆ 28 ವರ್ಷ. ಮರುವರ್ಷ ಕಾನ್ ಫೆಸ್ಟಿವಲ್‌ನಲ್ಲಿ ಅಂತಾರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಬಂತು, ಹೊರದೇಶಗಳಲ್ಲಿ ಫಾಸ್‌ಬಿಂಡರ್ ಹೆಸರು ಓಡಾಡೋಕೆ ಶುರುವಾಗಿದ್ದರಲ್ಲಿ ಈ ಸಿನಿಮಾದ ಪಾಲು ದೊಡ್ಡದು.

ಕಥೆ ನೀವೇ ನೋಡಿದ್ರಿ. ಬರದೇ ಇದ್ದವರಿಗಾಗಿ ಎರಡು ಮಾತು. ಎಮ್ಮಿ ಅರವತ್ತರ ಆಸುಪಾಸಿನ ವಿಧವೆ, ಆಫೀಸುಗಳಲ್ಲಿ ನೆಲ ಒರೆಸೋ ಕೆಲಸ, ಮಕ್ಕಳು ದೊಡ್ಡವರಾಗಿ ಅವರವರ ಪಾಡಿಗೆ ಇದಾರೆ. ಒಂದು ರಾತ್ರಿ ಜೋರು ಮಳೆ ಅಂತ ದಾರಿಯಲ್ಲಿದ್ದ ಒಂದು ಬಾರ್‌ಗೆ ನುಗ್ತಾಳೆ, ಅದು ಅರಬ್ ಕೆಲಸಗಾರರು ಸೇರೋ ಜಾಗ, ಒಂದು ಕೋಲಾ ಹೇಳಿ ಬಾಗಿಲ ಪಕ್ಕದ ಟೇಬಲ್‌ನಲ್ಲಿ ಮುದುರಿ ಕೂತ್ಕೋತಾಳೆ. ಅಲ್ಲಿದ್ದ ಹೆಂಗಸೊಬ್ಬಳು ತಮಾಷೆಗೆ, ಹೋಗು ಆ ಮುದುಕಿ ಜೊತೆ ಡಾನ್ಸ್ ಮಾಡು ಅಂತ ಒಬ್ಬನನ್ನ ಕೆಣಕ್ತಾಳೆ, ಅವನು ನಿಜವಾಗ್ಲೂ ಎದ್ದು ಹೋಗಿ ಕೇಳಿಬಿಡ್ತಾನೆ. ಅವನೇ ಅಲಿ, ಮೊರಾಕೋದವನು, ಗ್ಯಾರೇಜ್‌ನಲ್ಲಿ ಮೆಕ್ಯಾನಿಕ್, ಅವಳಿಗಿಂತ ಇಪ್ಪತ್ತು ವರ್ಷಕ್ಕೂ ಮೇಲೆ ಚಿಕ್ಕವನು. ಡಾನ್ಸ್ ಆಗತ್ತೆ, ಮಾತಾಗತ್ತೆ, ಅವಳ ಮನೆವರೆಗೂ ಬಿಟ್ಟು ಬರೋಕೆ ಹೋದವನು ಅಲ್ಲೇ ಉಳೀತಾನೆ, ಆಮೇಲೆ ಮದುವೆನೂ ಆಗತ್ತೆ. ಅಲ್ಲಿಂದ ಅಕ್ಕಪಕ್ಕದವರು, ಮಕ್ಕಳು, ಜೊತೆ ಕೆಲಸದವರು, ಅಂಗಡಿಯವನು ಎಲ್ಲರೂ ಸೇರಿ ಆ ಇಬ್ಬರನ್ನ ಕಣ್ಣಲ್ಲೇ ಸುಡೋಕೆ ಶುರು ಮಾಡ್ತಾರೆ.

ಕಣ್ಣಲ್ಲೇ ಅಂದೆ, ಅದನ್ನ ಗಮನಿಸಿ. ಈ ಸಿನಿಮಾದಲ್ಲಿ ಹೊಡೆದಾಟ ಇಲ್ಲ, ಯಾರೂ ಅಲಿ ಮೇಲೆ ಕೈ ಎತ್ತಲ್ಲ, ಬರೀ ನೋಡ್ತಾರೆ. ಬಾರ್‌ನಲ್ಲಿ ಎಮ್ಮಿ ಕಾಲಿಟ್ಟ ತಕ್ಷಣ ಎಲ್ಲರೂ ಗೊಂಬೆ ಥರ ನಿಂತು ಅವಳನ್ನ ನೋಡ್ತಾರೆ. ಮೆಟ್ಟಿಲ ಮೇಲೆ ಪಕ್ಕದ ಮನೆಯವಳು ಜಾಲರಿ ಹಿಂದಿಂದ ನೋಡ್ತಾಳೆ. ಎಮ್ಮಿ ಮದುವೆ ಸುದ್ದಿ ಹೇಳಿ ಅಲಿನ ಒಳಗೆ ಕರೆದಾಗ ಸಾಲಾಗಿ ಕೂತ ಮಕ್ಕಳ ಮುಖದ ಮೇಲೆ ಕ್ಯಾಮೆರಾ ಒಂದೊಂದಾಗಿ ಹಾದು ಹೋಗತ್ತಲ್ಲ, ಯಾರೂ ಬಾಯಿ ಬಿಡಲ್ಲ, ಆಮೇಲೆ ಒಬ್ಬ ಮಗ ಎದ್ದು ಟಿವಿಯ ಗಾಜು ಒದ್ದು ಒಡೀತಾನೆ. ಹಳದಿ ಕುರ್ಚಿಗಳ ಆ ಖಾಲಿ ಗಾರ್ಡನ್ ಕೆಫೆ ಸೀನ್ ನೆನಪಿಸ್ಕೊಳ್ಳಿ, ಇಬ್ಬರೇ ಕೂತಿದಾರೆ, ದೂರದಲ್ಲಿ ವೇಟರ್‌ಗಳು ಮತ್ತೆ ಜನ ಗುಂಪಾಗಿ ನಿಂತು ದಿಟ್ಟಿಸ್ತಿದಾರೆ, ಎಮ್ಮಿ ಅಳ್ತಾ ಈ ಲೋಕದಲ್ಲಿ ನಾವಿಬ್ಬರೇ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತಾಳೆ. ಹೊರಗಿನಿಂದ ಬಂದವರಿಗೆ ಈ ನೋಟ ಏನು ಅಂತ ನಾನು ವಿವರಿಸಬೇಕಾಗಿಲ್ಲ, ಇಲ್ಲಿ ಊ-ಬಾನ್ ಮೆಟ್ರೋದಲ್ಲಿ ಕೂತು ಅಮ್ಮನ ಜೊತೆ ಫೋನಲ್ಲಿ ಕನ್ನಡ ಮಾತಾಡಿದವರೆಲ್ಲರಿಗೂ ಗೊತ್ತು.

ಆ ಕಾಲ ಹೇಗಿತ್ತು ಅನ್ನೋದು ಸ್ವಲ್ಪ ತಿಳಿದಿರಬೇಕು. ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಗೆ ಕೈ ಸಾಲದಷ್ಟು ಕೆಲಸ ಇತ್ತು, ಹಾಗಾಗಿ ಸರ್ಕಾರ ಬೇರೆ ಬೇರೆ ದೇಶಗಳ ಜೊತೆ ಒಪ್ಪಂದ ಮಾಡ್ಕೊಂಡು ಕೆಲಸಗಾರರನ್ನ ಕರೆಸಿಕೊಳ್ತು. 1955ರಲ್ಲಿ ಇಟಲಿ, 1960ರಲ್ಲಿ ಸ್ಪೇನ್ ಮತ್ತೆ ಗ್ರೀಸ್, 1961ರಲ್ಲಿ ಟರ್ಕಿ, 1963ರಲ್ಲಿ ಅಲಿಯ ಮೊರಾಕೋ, ಆಮೇಲೆ ಪೋರ್ಚುಗಲ್, ಟುನೀಸಿಯಾ, 1968ರಲ್ಲಿ ಯುಗೊಸ್ಲಾವಿಯಾ. ಗಾಸ್ಟ್‌ಆರ್ಬೈಟರ್ ಅಂತ, ಅಂದ್ರೆ ಅತಿಥಿ ಕೆಲಸಗಾರ ಅಂತ ಕರೀತಿದ್ರು, ಬಂದು ದುಡಿದು ವಾಪಸ್ ಹೋಗ್ಲಿ ಅನ್ನೋ ಲೆಕ್ಕ. 1973ರ ಹೊತ್ತಿಗೆ ಇಂಥವರು ಸುಮಾರು 26 ಲಕ್ಷ ಆಗಿದ್ರು. ಇದರ ಹಿಂದಿನ ವರ್ಷ, 1972ರ ಸೆಪ್ಟೆಂಬರ್‌ನಲ್ಲಿ, ಇದೇ ಊರಿನ ಒಲಿಂಪಿಕ್ಸ್‌ನಲ್ಲಿ ಪ್ಯಾಲೆಸ್ಟೀನಿಯನ್ ಉಗ್ರರು 11 ಇಸ್ರೇಲಿ ಕ್ರೀಡಾಪಟುಗಳು ಮತ್ತು ಕೋಚ್‌ಗಳನ್ನ ಕೊಂದಿದ್ರು, ಆಮೇಲೆ ಅರಬ್ ಮುಖ ಕಂಡ್ರೆ ಸಾಕು ಜನ ಹೌಹಾರೋ ಹಾಗಾಗಿತ್ತು, ಎಷ್ಟೋ ಜನ ಅರಬ್ಬರನ್ನ ದೇಶದಿಂದ ಹೊರಗೂ ಹಾಕಿದ್ರು. ಫಾಸ್‌ಬಿಂಡರ್ ಸಿನಿಮಾ ಶೂಟ್ ಮುಗಿಸಿ ಎರಡು ತಿಂಗಳಲ್ಲಿ, 1973ರ ನವೆಂಬರ್ 23ಕ್ಕೆ, ಕಚ್ಚಾ ತೈಲದ ಬಿಕ್ಕಟ್ಟಿನ ನಡುವೆ ಸರ್ಕಾರ ಹೊಸಬರನ್ನ ಕರೆಸೋದನ್ನೇ ನಿಲ್ಲಿಸಿಬಿಡ್ತು. ಅಂದ್ರೆ ಪಿಕ್ಚರ್ ಥಿಯೇಟರ್‌ಗೆ ಬರೋ ಹೊತ್ತಿಗೆ ಅಲಿಯಂಥವರಿಗೆ ಬಾಗಿಲು ಹಾಕಿ ಆಗಿತ್ತು, ಒಳಗಿದ್ದವರು ಹೆಂಡ್ತಿ ಮಕ್ಕಳನ್ನ ಕರೆಸಿಕೊಂಡು ಇಲ್ಲೇ ಬೇರು ಬಿಡೋಕೆ ಶುರು ಮಾಡಿದ್ರು.

ಅಂಥ ಹೊತ್ತಲ್ಲಿ ಒಬ್ಬ ಮೊರಾಕೋ ಮೆಕ್ಯಾನಿಕ್‌ನ ಪ್ರೇಮಕಥೆಯ ಹೀರೋ ಮಾಡೋದು ಅಂದ್ರೆ ಸಣ್ಣ ಮಾತಲ್ಲ. ಅದಕ್ಕಿಂತ ನನಗೆ ದೊಡ್ಡದು ಅನ್ಸೋದು ಎಮ್ಮಿ. ಪ್ರೇಮಕಥೆಯಲ್ಲಿ ಅರವತ್ತರ ಹೆಂಗಸು ಅಂದ್ರೆ ಅಮ್ಮನೋ ಅತ್ತೆಯೋ ಆಗಿರ್ತಾಳೆ, ಅವಳಿಗೂ ಆಸೆ ಇದೆ, ಅವಳನ್ನೂ ಯಾರಾದ್ರೂ ಮುಟ್ಟಿ ಮಾತಾಡಿಸಬೇಕು ಅನ್ನೋದು ಯಾವ ಭಾಷೆಯ ಸಿನಿಮಾಗೂ ಸುಲಭಕ್ಕೆ ಹೊಳೆಯಲ್ಲ. ಎಮ್ಮಿ ಪಾತ್ರ ಮಾಡಿದ ಬ್ರಿಗಿಟ್ಟೆ ಮಿರಾ ಅವರಿಗೆ ಶೂಟಿಂಗ್ ಹೊತ್ತಿಗೆ 63 ವರ್ಷ, ಅದುವರೆಗೂ ಆಪೆರೆಟ್ಟಾ, ಹಾಸ್ಯ, ಕ್ಯಾಬರೆ ಅಂತ ಓಡಾಡ್ಕೊಂಡಿದ್ದವರು. ಈ ಪಾತ್ರಕ್ಕೆ ಅವರಿಗೆ ಜರ್ಮನಿಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಬಂತು. ಅವರು ನಗೋ ರೀತಿ ನೋಡಿ, ಮೊದಲ ಬೆಳಿಗ್ಗೆ ಎದುರು ಕೂತು ಕಾಫಿ ಕುಡೀವಾಗ ನಾನೇನು ತಪ್ಪು ಮಾಡ್ಬಿಟ್ಟೆನಾ ಅನ್ನೋ ಹೆದರಿಕೆ, ಅದರ ಹಿಂದೇನೇ ಖುಷಿ, ಎರಡೂ ಒಂದೇ ಮುಖದಲ್ಲಿ ಬಂದು ಹೋಗತ್ತೆ.

ಇದು ಹಾಲಿವುಡ್ ಕಥೆಯಿಂದ ಹುಟ್ಟಿದ್ದು ಅಂತ ಎಲ್ಲರೂ ಹೇಳ್ತಾರೆ, ಹೌದು. ಡಗ್ಲಸ್ ಸರ್ಕ್ ಅವರು 1955ರಲ್ಲಿ ತೆಗೆದ ಒಂದು ಮೆಲೋಡ್ರಾಮಾದಲ್ಲಿ ಶ್ರೀಮಂತ ವಿಧವೆ ತನಗಿಂತ ಚಿಕ್ಕ ವಯಸ್ಸಿನ ತೋಟಗಾರನನ್ನ ಇಷ್ಟಪಡ್ತಾಳೆ, ಅಲ್ಲಿ ಮಕ್ಕಳು ಅಮ್ಮನಿಗೆ ಸಂಗಾತಿ ಬದಲು ಟಿವಿ ತಂದುಕೊಡ್ತಾರೆ, ಇಲ್ಲಿ ಅದೇ ಟಿವಿನ ಮಗ ಒದೀತಾನೆ. ಸರ್ಕ್ ಮೂಲತಃ ಜರ್ಮನಿಯವರೇ, ಹೆಂಡತಿ ಯೆಹೂದಿ ಅಂತ 1937ರಲ್ಲಿ ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಹೋದವರು. ಸರ್ಕ್ ಸಿನಿಮಾಗಳ ಮೇಲೆ ಫಾಸ್‌ಬಿಂಡರ್ 1971ರಲ್ಲಿ ಒಂದು ದೊಡ್ಡ ಲೇಖನನೇ ಬರೆದ್ರು. ಆದ್ರೆ ಎಮ್ಮಿ ಕಥೆ ಅದಕ್ಕೂ ಮುಂಚೆ ಅವರ ತಲೇಲಿತ್ತು: 1970ರ ಅವರದೇ ಇನ್ನೊಂದು ಸಿನಿಮಾದಲ್ಲಿ ಹೋಟೆಲ್ ಕೆಲಸದ ಹುಡುಗಿಯೊಬ್ಬಳು ಎಮ್ಮಿ ಅನ್ನೋ ಹೆಂಗಸು ಅಲಿ ಅನ್ನೋ ಟರ್ಕಿಯವನನ್ನ ಮದುವೆಯಾಗಿ ಆಮೇಲೆ ಕೊಲೆಯಾದ ಕಥೆ ಹೇಳ್ತಾಳೆ. ಸರ್ಕ್ ಸಿನಿಮಾಗಳನ್ನ ನೋಡ್ಕೊಂಡ ಮೇಲೆ ಆ ಕೊಲೆ ಹೋಯ್ತು, ಪ್ರೀತಿ ಉಳೀತು, ಟರ್ಕಿಯವನು ಮೊರಾಕೋದವನಾದ. ಈ ಕೊನೇ ಬದಲಾವಣೆಗೆ ಬೇರೆ ಕಾರಣ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಮದುವೆ ಊಟದ ಸೀನ್ ಬಗ್ಗೆ ಹೇಳ್ದೆ ಮುಂದೆ ಹೋಗೋಕಾಗಲ್ಲ. ರಿಜಿಸ್ಟ್ರಿ ಮುಗಿಸಿ ಎಮ್ಮಿ ಅಲಿನ ಕರ್ಕೊಂಡು ಹೋಗೋದು ಒಸ್ಟೇರಿಯಾ ಇಟಾಲಿಯಾನಾ ಅನ್ನೋ ಹೋಟೆಲ್‌ಗೆ, ಶೆಲ್ಲಿಂಗ್‌ಸ್ಟ್ರಾಸ್ಸೆಲಿ ಇದೆ, ನಿಮ್ಮಲ್ಲಿ ಕೆಲವರು ಅದರ ಮುಂದೆ ದಿನಾ ಓಡಾಡ್ತೀರಿ. ಹಿಟ್ಲರ್ ಇಲ್ಲಿಗೆ ಊಟಕ್ಕೆ ಬರ್ತಿದ್ದ, ನನಗೆ ಯಾವಾಗಿನಿಂದಲೋ ಇಲ್ಲಿಗೆ ಬರಬೇಕು ಅಂತ ಆಸೆ ಇತ್ತು ಅಂತ ಎಮ್ಮಿ ಏನೂ ಅನ್ನಿಸದೇ ಹೇಳ್ತಾಳೆ. ಅದಕ್ಕೂ ಮುಂಚೆ ಒಂದು ಕಡೆ ನಮ್ಮಪ್ಪ ಹಿಟ್ಲರ್ ಪಾರ್ಟಿಲಿದ್ದ, ನಾನೂ ಇದ್ದೆ, ಆಗ ಎಲ್ಲರೂ ಇದ್ರು ಅಂತ ಹೇಳಿರ್ತಾಳೆ. ಅವಳ ಮೊದಲ ಗಂಡ ಪೋಲೆಂಡಿನಿಂದ ಬಂದ ಕೆಲಸಗಾರ, ಅದಕ್ಕೇ ಕುರೋವ್ಸ್ಕಿ ಅನ್ನೋ ಅಡ್ಡಹೆಸರು, ಪರದೇಶಿಯವನನ್ನ ಕಟ್ಕೊಂಡ್ಲು ಅಂತ ಆಗಲೂ ಅಪ್ಪನಿಗೆ ಸಿಟ್ಟು. ಇಷ್ಟೆಲ್ಲ ಒಬ್ಬಳೇ ಹೆಂಗಸಿನ ಒಳಗಿದೆ. ಪಾರ್ಟಿ ಮೆಂಬರು, ಪೋಲೆಂಡಿನವನ ಹೆಂಡ್ತಿ, ಈಗ ಅರಬ್ಬನ ಹೆಂಡ್ತಿ. ಫಾಸ್‌ಬಿಂಡರ್ ಅವಳನ್ನ ಒಳ್ಳೆಯವಳು ಅಂತಲೂ ಕೆಟ್ಟವಳು ಅಂತಲೂ ಹಣೆಪಟ್ಟಿ ಹಚ್ಚದೆ ಆ ಹೋಟೆಲ್‌ನಲ್ಲಿ ಕೂರಿಸಿ, ಮೆನು ಅರ್ಥ ಆಗದೆ ಒದ್ದಾಡೋದನ್ನ, ವೇಟರ್ ಮೂಗು ಮುರಿದುಕೊಂಡು ಆರ್ಡರ್ ಬರ್ಕೊಳ್ಳೋದನ್ನ ತೋರಿಸ್ತಾರೆ. ಅವಳು ಹೊರಗಿನವಳಾಗಿರೋದು ಅಲಿನ ಕಟ್ಕೊಂಡಿದ್ದಕ್ಕೆ ಮಾತ್ರ ಅಲ್ಲ, ಬಡವಿ ಆಗಿರೋದಕ್ಕೂ ಹೌದು ಅಂತ ಆ ಮೆನು ಕಾರ್ಡ್ ಹೇಳತ್ತೆ. ಇನ್ನೊಂದು ವಿಷಯ, ಬ್ರಿಗಿಟ್ಟೆ ಮಿರಾ ಅವರ ಅಪ್ಪ ಯೆಹೂದಿ. ನಾಜಿ ಕಾಲದಲ್ಲಿ ಅದನ್ನ ಮುಚ್ಚಿಟ್ಟುಕೊಂಡು ಬದುಕಿದವರು ಅವರು. ಅವರನ್ನೇ ಆ ಟೇಬಲ್‌ಗೆ ಕೂರಿಸಿದಾರೆ. ಇದು ಗೊತ್ತಾದ ಮೇಲೆ ನನಗೆ ಆ ಸೀನ್ ಮೊದಲಿನ ಥರ ನೋಡೋಕಾಗ್ತಿಲ್ಲ.

ಈಗ ಎರಡನೇ ಅರ್ಧಕ್ಕೆ ಬರೋಣ, ನನ್ನ ಪ್ರಕಾರ ಇಡೀ ಸಿನಿಮಾದ ಜೀವ ಇರೋದು ಅಲ್ಲಿ. ಇಬ್ಬರೂ ಸ್ವಲ್ಪ ದಿನ ಎಲ್ಲಾದ್ರೂ ಹೋಗಿ ಬರೋಣ, ವಾಪಸ್ ಬರೋ ಹೊತ್ತಿಗೆ ಎಲ್ಲ ಸರಿಯಾಗಿರತ್ತೆ ಅಂತ ಎಮ್ಮಿ ಹೇಳ್ತಾಳೆ. ವಾಪಸ್ ಬರ್ತಾರೆ, ಎಲ್ಲ ಸರಿಯಾಗಿಬಿಟ್ಟಿರತ್ತೆ! ಪಕ್ಕದ ಮನೆಯವಳು ನಗ್ತಾಳೆ, ಯಾಕಂದ್ರೆ ಅವಳಿಗೆ ಎಮ್ಮಿಯ ಸೆಲ್ಲಾರ್‌ನಲ್ಲಿ ಸಾಮಾನು ಇಡೋಕೆ ಜಾಗ ಬೇಕು. ಅಂಗಡಿಯವನು ಬಾಯ್ತುಂಬ ಮಾತಾಡಿಸ್ತಾನೆ, ಇವನೇ ಮುಂಚೆ ಅಲಿ ಮಾರ್ಗರೀನ್ ಕೇಳಿದಾಗ ಏನಂದೆ ಗೊತ್ತಾಗ್ತಿಲ್ಲ ಅಂತ ನಾಟಕ ಮಾಡಿ ಕಳಿಸಿದವನು, ಜಗಳಕ್ಕೆ ಬಂದ ಎಮ್ಮಿನ ಅಂಗಡಿಯಿಂದ ಆಚೆ ಹಾಕಿದವನು, ಈಗ ಸೂಪರ್‌ಮಾರ್ಕೆಟ್‌ಗಳು ಬಂದು ಗಿರಾಕಿ ಕಮ್ಮಿ ಆಗಿರೋದ್ರಿಂದ ಎಮ್ಮಿ ಬೇಕು. ಟಿವಿ ಒದ್ದ ಮಗ ದುಡ್ಡು ಕೊಟ್ಟು ಕ್ಷಮೆ ಕೇಳ್ತಾನೆ, ಅವನ ಮಗುನ ನೋಡ್ಕೊಳ್ಳೋಕೆ ಜನ ಬೇಕು. ಯಾರ ಮನಸ್ಸೂ ಬದಲಾಗಿಲ್ಲ. ಎಲ್ಲರಿಗೂ ಒಂದೊಂದು ಗರಜು ಬಿದ್ದಿದೆ ಅಷ್ಟೆ. ಸೇರಿಸಿಕೊಳ್ಳೋದು, ಒಪ್ಪಿಕೊಳ್ಳೋದು ಅಂತ ನಾವು ದೊಡ್ಡ ದೊಡ್ಡ ಮಾತಾಡ್ತೀವಲ್ಲ, ಅದರೊಳಗೆ ಎಷ್ಟು ಭಾಗ ಬರೀ ಉಪಯೋಗದ ಲೆಕ್ಕ ಅಂತ 1973ರಲ್ಲೇ ಇಷ್ಟು ಬಿಚ್ಚಿ ತೋರಿಸಿದ್ದು ನನ್ನನ್ನ ಈಗಲೂ ಅಲ್ಲಾಡಿಸತ್ತೆ. ಆ ದೇಶ ಅಲಿಯಂಥವರನ್ನ ಕರೆಸಿಕೊಂಡಿದ್ದೂ ಅದೇ ಲೆಕ್ಕದಲ್ಲೇ.

ಅಲ್ಲಿಗೇ ನಿಂತಿದ್ರೆ ಇದು ಕೆಟ್ಟ ಜನ, ಒಳ್ಳೆ ಜೋಡಿ ಅನ್ನೋ ಕಥೆ ಆಗ್ತಿತ್ತು. ಫಾಸ್‌ಬಿಂಡರ್ ಇನ್ನೂ ಒಳಗೆ ಹೋಗ್ತಾರೆ. ಹೊರಗಿನ ಒತ್ತಡ ಇಳಿದ ತಕ್ಷಣ ಎಮ್ಮಿನೇ ಬದಲಾಗ್ತಾಳೆ. ಜೊತೆ ಕೆಲಸದ ಹೆಂಗಸರು ಮನೆಗೆ ಬಂದಾಗ ಅಲಿನ ಕರೆದು ನಿಲ್ಲಿಸ್ತಾಳೆ, ಅವರು ಸುತ್ತ ತಿರುಗಿ ತೋಳು ಮುಟ್ಟಿ ನೋಡ್ತಾರೆ, ಎಷ್ಟು ಗಟ್ಟಿ, ಎಷ್ಟು ಕ್ಲೀನ್ ಅಂತಾರೆ, ಎಮ್ಮಿ ಪಕ್ಕದಲ್ಲಿ ನಿಂತು ಹೆಮ್ಮೆಯಿಂದ ನಗ್ತಿರ್ತಾಳೆ. ಸಂತೇಲಿ ಎತ್ತಿನ ಹಲ್ಲು ಹಿಡಿದು ನೋಡೋ ಹಾಗೆ. ಅಲಿ ಏನೂ ಹೇಳದೆ ಎದ್ದು ಹೊರಗೆ ಹೋಗಿಬಿಡ್ತಾನೆ, ಎಮ್ಮಿ ಅವರಿಗೆ ಅವನ ಬಗ್ಗೆ ಸಮಜಾಯಿಷಿ ಕೊಡ್ತಾಳೆ. ಅವನು ಕೂಸ್‌ಕೂಸ್ ಅನ್ನೋ ಅವನ ಕಡೆಯ ರವೆ ಥರದ ಊಟ ಬೇಕು ಅಂದ್ರೆ ನನಗೆ ಅದು ಮಾಡೋಕೆ ಬರಲ್ಲ, ನೀನು ಜರ್ಮನಿಲಿ ಇದೀಯ, ಇಲ್ಲಿನ ಊಟ ಅಭ್ಯಾಸ ಮಾಡ್ಕೋ ಅನ್ನೋ ಧಾಟಿ. ಅವನು ಬಾರ್ ನಡೆಸೋ ಬಾರ್ಬರಾ ಮನೆಗೆ ಹೋಗ್ತಾನೆ, ಅವಳು ಮಾಡಿಕೊಡ್ತಾಳೆ.

ಆಮೇಲೆ ಮೆಟ್ಟಿಲಿನ ಸೀನ್. ನನಗೆ ಪೂರ್ತಿ ಸಿನಿಮಾದಲ್ಲಿ ಯಾವುದು ಬಾಧಿಸತ್ತೆ ಅಂದ್ರೆ ಇದು. ಮೊದಲ ಭಾಗದಲ್ಲಿ ಅಲಿ ವಿಷಯ ಗೊತ್ತಾದ ಮೇಲೆ ಜೊತೆಯವರು ಎಮ್ಮಿನ ಬಿಟ್ಟು ದೂರ ಕೂತು ತಿಂಡಿ ತಿಂತಿರ್ತಾರೆ, ಅವಳು ಒಬ್ಬಳೇ ಮೆಟ್ಟಿಲ ಮೇಲೆ, ಕ್ಯಾಮೆರಾ ಕೈಗಂಬಿಯ ಸರಳುಗಳ ಆಚೆಯಿಂದ ಅವಳನ್ನ ನೋಡತ್ತೆ. ಎರಡನೇ ಭಾಗದಲ್ಲಿ ಯುಗೊಸ್ಲಾವಿಯಾದಿಂದ ಬಂದ ಯೊಲಾಂಡಾ ಅನ್ನೋ ಹೊಸಬಳು ಕೆಲಸಕ್ಕೆ ಸೇರ್ತಾಳೆ, ಅವಳಿಗೆ ಸಂಬಳ ಕಮ್ಮಿ. ಎಮ್ಮಿ ಮತ್ತೆ ಉಳಿದವರು ಸೇರಿ ತಮ್ಮ ಸಂಬಳದ ವಿಷಯ ಗುಟ್ಟಾಗಿ ಮಾತಾಡ್ಕೋತಾರೆ, ಯೊಲಾಂಡಾ ಒಬ್ಬಳೇ ಮೆಟ್ಟಿಲ ಮೇಲೆ, ಅದೇ ಕೈಗಂಬಿ, ಅದೇ ಸರಳುಗಳ ಆಚೆಯಿಂದ ಅದೇ ಶಾಟ್. ಕ್ಯಾಮೆರಾಮನ್ ಯೂರ್ಗೆನ್ ಯೂರ್ಗೆಸ್ ಅವರು ಸಿನಿಮಾ ಪೂರ್ತಿ ಬಾಗಿಲ ಚೌಕಟ್ಟು, ಕಂಬಿ, ಮೆಟ್ಟಿಲು ಹಿಡ್ಕೊಂಡು ಜನರನ್ನ ಕೂಡಿಹಾಕ್ತಾ ಹೋಗ್ತಾರೆ, ಆದ್ರೆ ಇಲ್ಲಿ ಆ ತಂತ್ರ ಮುಖಕ್ಕೆ ಹೊಡೆದ ಹಾಗೆ ಕೆಲಸ ಮಾಡತ್ತೆ. ನಿನ್ನೆ ತನಕ ಆಚೆ ಕೂತಿದ್ದವಳು ಇವತ್ತು ಇನ್ನೊಬ್ಬಳನ್ನ ಆಚೆ ಕೂರಿಸಿದಾಳೆ, ಅವಳಿಗೆ ಅದು ಗೊತ್ತೂ ಆಗಿಲ್ಲ.

ಇದನ್ನ ನಾನು ನಮ್ಮ ಕಡೆಗೂ ತಿರುಗಿಸಬೇಕು, ಬೇಜಾರು ಮಾಡ್ಕೋಬೇಡಿ. ಈ ರೂಮಲ್ಲಿರೋ ನಮ್ಮಲ್ಲಿ ಮುಕ್ಕಾಲು ಪಾಲು ಬ್ಲೂ ಕಾರ್ಡ್ ಅನ್ನೋ ಕೆಲಸದ ಪರ್ಮಿಟ್ ಮೇಲೆ ಬಂದವರು, ಕಂಪನಿನೇ ಟಿಕೆಟ್ ಹಾಕಿ ಕರೆಸಿದೆ, ಕೆಲವರಿಗೆ ಪರ್ಮನೆಂಟ್ ರೆಸಿಡೆನ್ಸಿ ಬಂದಿದೆ, ಮನೆ ತಗೊಂಡವರೂ ಇದೀರಿ. ಅಲಿ ಥರ ಒಂದೇ ರೂಮಲ್ಲಿ ನಾಲ್ಕಾರು ಜನ ಮಲಗೋ ಕಷ್ಟ ನಮಗಿಲ್ಲ. ಈಗ ಸೈಕಲ್ ಮೇಲೆ ಡಬ್ಬ ಕಟ್ಕೊಂಡು ಊಟ ಡೆಲಿವರಿ ಮಾಡೋ ನಮ್ಮ ಸ್ಟೂಡೆಂಟ್ ಹುಡುಗರನ್ನ ನೋಡಿ, ಕೆಲವರು ಸಾಲ ಮಾಡಿ ಪ್ರೈವೇಟ್ ಕಾಲೇಜಿಗೆ ಫೀಸ್ ಕಟ್ಟಿ ಬಂದವರು. ಅವರ ಬಗ್ಗೆ ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಏನು ಮಾತು ಬರತ್ತೆ? ಇವರು ಬಂದು ನಮ್ಮ ಹೆಸರು ಹಾಳು ಮಾಡ್ತಿದಾರೆ ಅಂತ ಬರತ್ತೆ. ಟ್ರೈನಲ್ಲಿ ಜೋರಾಗಿ ಮಾತಾಡ್ತಾರೆ, ಜರ್ಮನ್ ಕಲಿಯಲ್ಲ ಅಂತ ಬರತ್ತೆ. ನಾವು ಮೆಟ್ಟಿಲ ಯಾವ ಕಡೆ ಕೂತು ಆ ಮಾತಾಡ್ತಿದೀವಿ ಅಂತ ನನಗೆ ಈ ಸಿನಿಮಾ ನೋಡಿದಾಗೆಲ್ಲ ಚುರುಕ್ ಅನ್ಸತ್ತೆ.

ಸರಿ, ಇಷ್ಟು ಹೊತ್ತು ಹೊಗಳಿದೆ. ಈಗ ಕಷ್ಟದ ಭಾಗ.

ಅಲಿ ಪಾತ್ರ ಮಾಡಿದವರು ಎಲ್ ಹೆಡಿ ಬೆನ್ ಸಲೇಂ. 1935ರಲ್ಲಿ ಮೊರಾಕೋದಲ್ಲಿ ಹುಟ್ಟಿದವರು, ಊರಲ್ಲಿ ಹೆಂಡತಿ ಮಕ್ಕಳಿದ್ರು, 70ರ ದಶಕದ ಶುರುವಲ್ಲಿ ಪ್ಯಾರಿಸ್‌ನಲ್ಲಿ ಫಾಸ್‌ಬಿಂಡರ್‌ಗೆ ಸಿಕ್ಕಿದ್ರು, ಅವರಿಬ್ಬರೂ ಪ್ರೇಮಿಗಳಾಗಿದ್ರು. ಅಲಿ ಮೊರಾಕೋದವನಾಗಿದ್ದು ಇದಕ್ಕೇ. ಸಿನಿಮಾ ಒಳಗೆ ಎಮ್ಮಿ ಹೆಸರು ಕೇಳಿದಾಗ ಅವನು ಎಲ್ ಹೆಡಿ ಬೆನ್ ಸಲೇಂ ಎಂಬಾರೆಕ್ ಮೊಹಮ್ಮದ್ ಮುಸ್ತಫಾ ಅಂತ ಉದ್ದಕ್ಕೆ ಹೇಳ್ತಾನೆ, ಆದ್ರೆ ಎಲ್ಲರೂ ಕರೆಯೋದು ಅಲಿ ಅಂತ, ಎಮ್ಮಿನೂ ಹಾಗೇ ಕರೀತಾಳೆ, ಪೋಸ್ಟರ್ ಮೇಲೂ ಅದೇ. ಇದು ಸಿನಿಮಾಗೆ ಗೊತ್ತಿರೋ ವಿಷಯ, ಬೇಕಂತಲೇ ತೋರಿಸಿದ್ದು. ಆದ್ರೆ ಸಿನಿಮಾ ತೋರಿಸದೇ ಇರೋ ಒಂದು ವಿಷಯ ಇದೆ. ನೀವು ಈಗ ಕೇಳಿದ ಅಲಿಯ ದನಿ ಬೆನ್ ಸಲೇಂ ಅವರದ್ದಲ್ಲ. ವೋಲ್ಫ್‌ಗಾಂಗ್ ಹೆಸ್ ಅನ್ನೋ ಜರ್ಮನ್ ಡಬ್ಬಿಂಗ್ ಕಲಾವಿದರದ್ದು.

ಒಂದು ಸಲ ಯೋಚನೆ ಮಾಡಿ. ಹೊರಗಿನವನ ದುಃಖ ಹೇಳೋ ಸಿನಿಮಾ, ಆ ಹೊರಗಿನವನ ಹರಕು ಮುರುಕು ಜರ್ಮನ್ನೇ ಸಿನಿಮಾದ ಶೀರ್ಷಿಕೆ, ಕ್ರಿಯಾಪದ ಸರಿಯಾಗಿ ಕೂರದೇ ಇರೋ ಆ ವಾಕ್ಯ ಅಲಿ ಬಾಯಿಂದ ಬಂದಿದ್ದು ಅಂತ ನಾವು ನಂಬ್ತೀವಿ, ಅದನ್ನ ಆಡಿದ್ದು ಮಾತ್ರ ಜರ್ಮನ್ ಚೆನ್ನಾಗಿ ಬರೋ ಒಬ್ಬ ಜರ್ಮನ್ ನಟ, ಹರಕು ಜರ್ಮನ್ ಅನುಕರಣೆ ಮಾಡಿ. ಡಬ್ಬಿಂಗ್ ಆಗ ಮಾಮೂಲಿ, ಈ ದೇಶದಲ್ಲಿ ಈಗಲೂ ಮಾಮೂಲಿ ಅಂತ ನೀವು ಹೇಳಬಹುದು, ಒಪ್ಕೋತೀನಿ, ಬೆನ್ ಸಲೇಂ ತರಬೇತಿ ಪಡೆದ ನಟರಲ್ಲ ಅನ್ನೋದನ್ನೂ ಒಪ್ಕೋತೀನಿ. ಆದ್ರೂ ಅವರ ಮೈ ಬೇಕಾಯ್ತು, ದನಿ ಬೇಕಾಗಲಿಲ್ಲ ಅನ್ನೋದು ನಿಜ ತಾನೆ? ಮೈ ಮಾತ್ರ ಎಷ್ಟು ಬೇಕಾಯ್ತು ನೋಡಿ: ಅಲಿ ಸ್ನಾನ ಮಾಡೋದನ್ನ ಎಮ್ಮಿ ಕನ್ನಡಿಯಲ್ಲಿ ನೋಡಿ ನೀನು ತುಂಬ ಚೆಂದ ಇದೀಯ ಅಂತಾಳೆ, ಬಾರ್ಬರಾ ಮನೇಲಿ ಬೆತ್ತಲೆ ನಿಂತಿರ್ತಾನೆ, ಎಮ್ಮಿನ ಮಾತ್ರ ಕ್ಯಾಮೆರಾ ಯಾವತ್ತೂ ಹಾಗೆ ನೋಡಲ್ಲ. ಕೆಲಸದ ಹೆಂಗಸರು ತೋಳು ಮುಟ್ಟೋದನ್ನ ತಪ್ಪು ಅಂತ ತೋರಿಸೋ ಸಿನಿಮಾನೇ ಬೇರೆ ಸೀನ್‌ಗಳಲ್ಲಿ ಹತ್ತಿರ ಹತ್ತಿರ ಅದೇ ಕೆಲಸ ಮಾಡತ್ತೆ. ಅದರಲ್ಲಿ ಪ್ರೀತಿನೂ ಇತ್ತು, ನಿರ್ದೇಶಕ ತನ್ನ ಸಂಗಾತಿಯನ್ನ ನೋಡ್ತಿರೋ ನೋಟ ಅದು, ಅದನ್ನ ಅಲ್ಲಗಳೆಯೋಕೆ ನಾನು ಹೋಗಲ್ಲ. ಆದ್ರೆ ಅಲಿಯ ಒಳಗೆ ಏನಿದೆ ಅಂತ ನಮಗೆ ಗೊತ್ತಾಗೋದು ತೀರಾ ಕಮ್ಮಿ. ಎಮ್ಮಿಯ ಅಪ್ಪ, ಗಂಡ, ಮಕ್ಕಳು, ಪಾರ್ಟಿ, ಸಂಬಳ ಎಲ್ಲ ನಮಗೆ ಗೊತ್ತು. ಅಲಿಯ ಊರಿನ ಒಂದು ಬೀದಿ ಕೂಡ ನಮಗೆ ಕಾಣಲ್ಲ.

ಸಿನಿಮಾದ ಆಚೆ ಬೆನ್ ಸಲೇಂ ಬದುಕು ಚೆನ್ನಾಗಿ ಸಾಗಲಿಲ್ಲ. ಸಂಬಂಧ ಮುರೀತು, ಕುಡಿತ ಇತ್ತು, ಕೊನೆಗೆ 1977ರಲ್ಲಿ ಫ್ರಾನ್ಸಿನ ನೀಮ್ ಊರಿನ ಜೈಲಿನಲ್ಲಿ ತೀರಿಕೊಂಡರು. ಫಾಸ್‌ಬಿಂಡರ್‌ಗೆ ಆ ಸುದ್ದಿ ಮುಟ್ಟಿದ್ದು ವರ್ಷಗಳ ಮೇಲೆ, ತಮ್ಮ ಕೊನೆಯ ಸಿನಿಮಾನ ಅವರಿಗೆ ಅರ್ಪಿಸಿದ್ರು, ಅದು ಬಿಡುಗಡೆ ಆಗೋಕೆ ಮುಂಚೆ 1982ರ ಜೂನ್‌ನಲ್ಲಿ ತಾವೂ ಹೋಗಿಬಿಟ್ಟರು, ಬರೀ 37 ವರ್ಷಕ್ಕೆ. 2011ರಲ್ಲಿ ವಿಯೋಲಾ ಶಫೀಕ್ ಅವರು ಬೆನ್ ಸಲೇಂ ಮೇಲೆ ಒಂದು ಡಾಕ್ಯುಮೆಂಟರಿ ಮಾಡಿದ್ರು, ನನ್ನ ಹೆಸರು ಅಲಿ ಅಲ್ಲ ಅನ್ನೋ ಅರ್ಥದ ಇಂಗ್ಲಿಷ್ ಶೀರ್ಷಿಕೆ ಅದಕ್ಕೆ. ಫಾಸ್‌ಬಿಂಡರ್ ಗುಂಪಿನವರು ಅವರನ್ನ ಹೇಗೆ ಕಂಡ್ರು, ಮೊರಾಕೋದ ಮನೆಯವರಿಗೆ ಅವರು ಯಾರಾಗಿದ್ರು ಅಂತ ಅದು ಹುಡುಕ್ತಾ ಹೋಗತ್ತೆ. ಇವತ್ತಿನ ಸಿನಿಮಾ ನೋಡಿದವರು ಅದನ್ನೂ ನೋಡಲೇಬೇಕು ಅಂತ ನನ್ನ ಮನವಿ, ಒಂದಿಲ್ಲದೆ ಇನ್ನೊಂದು ಅರ್ಧ.

ಹಾಗಾದ್ರೆ ಈ ಸಿನಿಮಾನ ಬದಿಗಿಡಬೇಕಾ ಅಂತ ಕೇಳಿದ್ರೆ, ಖಂಡಿತ ಬೇಡ. ಫಾಸ್‌ಬಿಂಡರ್ ತಮ್ಮನ್ನ ಹೊರಗಿಟ್ಟುಕೊಂಡು ಬೇರೆಯವರ ಕಡೆ ಬೆರಳು ತೋರಿಸಿದವರಲ್ಲ. ಎಮ್ಮಿಯ ಅಳಿಯ ಓಯ್ಗೆನ್, ಮನೇಲಿ ಕೂತು ಹೆಂಡ್ತಿ ಮೇಲೆ ರೇಗ್ತಾ ಪರದೇಶಿ ಕೆಲಸಗಾರರನ್ನ ಬೈಯೋ ಆ ಗಡ್ಡದವನು, ಅದು ಅವರೇ, ಆ ಪಾತ್ರನ ತಾವೇ ಇಟ್ಕೊಂಡಿದಾರೆ. ಗ್ಯಾರೇಜ್ ಸೀನ್ ನೋಡಿ, ಅಲಿ ಮನೆ ಬಿಟ್ಟು ಹೋದ ಮೇಲೆ ಎಮ್ಮಿ ಹುಡುಕ್ಕೊಂಡು ಗ್ಯಾರೇಜಿಗೆ ಬರ್ತಾಳೆ, ಜೊತೆಯವರು ಇವರ್ಯಾರು, ನಿನ್ನ ಮೊರಾಕೋ ಅಜ್ಜಿನಾ ಅಂತ ನಗ್ತಾರೆ, ಅಲಿನೂ ಅವರ ಜೊತೆ ನಗ್ತಾನೆ. ಅವನೂ ನಗ್ತಾನೆ ಅನ್ನೋದನ್ನ ತೋರಿಸೋಕೆ ಧೈರ್ಯ ಬೇಕು. ಪಾಪದ ಪರದೇಶಿ ಅಂತ ಅವನನ್ನ ಪೂಜೆಗೆ ಕೂರಿಸಿಲ್ಲ, ಅವನಿಗೂ ಹೇಡಿತನ ಇದೆ, ಆಮೇಲೆ ಕನ್ನಡಿ ಮುಂದೆ ನಿಂತು ತನ್ನ ಕೆನ್ನೆಗೆ ತಾನೇ ಹೊಡ್ಕೊಳ್ಳೋವಷ್ಟು ನಾಚಿಕೆನೂ ಇದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದ್ವು, ಎರಡನ್ನ ಇಲ್ಲಿ ಹಾಕ್ತೀನಿ.

ಒಬ್ಬರು, ಆಮೇಲೆ ಜರ್ಮನ್ ಸಿನಿಮಾದಲ್ಲಿ ಏನಾಯ್ತು, ಅಲಿಗಳು ತಮ್ಮ ಕಥೆ ತಾವೇ ಹೇಳೋ ಕಾಲ ಬಂತಾ ಅಂತ ಕೇಳಿದ್ರು. ಬಂತು, ನಿಧಾನಕ್ಕೆ. ಹ್ಯಾಂಬರ್ಗ್‌ನಲ್ಲಿ ಟರ್ಕಿ ಮೂಲದ ಅಪ್ಪ ಅಮ್ಮನಿಗೆ ಹುಟ್ಟಿದ ಫಾತಿಹ್ ಅಕಿನ್ 2004ರಲ್ಲಿ ಬರ್ಲಿನ್ ಫೆಸ್ಟಿವಲ್‌ನ ಗೋಲ್ಡನ್ ಬೇರ್ ಗೆದ್ರು. ಇದರ ಜೊತೆ ಒಂದು ಎಳೆ ಹೇಳ್ತೀನಿ. ಇವತ್ತಿನ ಸಿನಿಮಾದ ಕೊನೇಲಿ ಆಸ್ಪತ್ರೆ ಡಾಕ್ಟರ್ ಆಗಿ ಬರೋ ಕನ್ನಡಕದವರು ಹಾರ್ಕ್ ಬೋಮ್. ಅವರು ಆಮೇಲೆ ತಾವೇ ನಿರ್ದೇಶಕರಾಗಿ 1988ರಲ್ಲಿ ಹ್ಯಾಂಬರ್ಗ್‌ನ ಒಬ್ಬ ಟರ್ಕಿ ಮನೆತನದ ಹುಡುಗಿಯ ಪ್ರೇಮಕಥೆ ತೆಗೆದ್ರು, ಅದಾಗಿ ಎಷ್ಟೋ ವರ್ಷದ ಮೇಲೆ, 2017ರಲ್ಲಿ ಬಂದ ಫಾತಿಹ್ ಅಕಿನ್ ಸಿನಿಮಾಗೆ ಅವರ ಜೊತೆ ಕೂತು ಚಿತ್ರಕಥೆ ಬರೆದ್ರು. ಅಲಿಯ ಹಾಸಿಗೆ ಪಕ್ಕ ನಿಂತವರು ಅಲಿಯ ಮಕ್ಕಳ ತಲೆಮಾರಿನವರ ಜೊತೆ ಒಂದೇ ಟೇಬಲ್‌ನಲ್ಲಿ ಕೂತು ಬರೆದಿದ್ದು ನನಗೆ ತುಂಬ ಇಷ್ಟವಾದ ವಿಷಯ.

ಇನ್ನೊಂದು ಪ್ರಶ್ನೆ ಕೇಳಿದ್ದು ಹಾಸನದಿಂದ ಮಗಳ ಮನೆಗೆ ಬಂದಿರೋ ಒಬ್ಬ ಅಮ್ಮ. ಮಗಳು ಪಕ್ಕದಲ್ಲಿ ಕೂತು ಸಬ್‌ಟೈಟಲ್ ಓದಿ ಹೇಳ್ತಿದ್ರು. ಆ ಅಮ್ಮ ಕೇಳಿದ್ದಿಷ್ಟು: “ಅಲ್ರೀ, ಆಯಮ್ಮ ಅವನಿಗೆ ಅದೇನೋ ರವೆ ಥರದ್ದು ಮಾಡಿ ಹಾಕಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ ಅಲ್ವಾ?” ಎಲ್ಲರೂ ನಕ್ಕರು, ನನಗೆ ಮಾತ್ರ ಅದು ಉತ್ತರ ಕೊಡಲೇಬೇಕಾದ ಪ್ರಶ್ನೆ ಅನ್ನಿಸ್ತು. ಮಾಡಿ ಹಾಕಬೇಕಿತ್ತು ಅಮ್ಮ, ನಿಜ. ಕೊನೇಲಿ ಬಾರ್‌ನಲ್ಲಿ ಮತ್ತೆ ಅದೇ ಹಾಡಿಗೆ ಡಾನ್ಸ್ ಮಾಡ್ತಾ ರಾಜಿ ಆಗ್ತಾರೆ, ಅಷ್ಟರಲ್ಲಿ ಅಲಿ ಕುಸಿದು ಬೀಳ್ತಾನೆ, ಹೊಟ್ಟೆಲಿ ಅಲ್ಸರ್ ಒಡೆದಿದೆ. ಡಾಕ್ಟರ್ ಹೇಳೋದು ಕೇಳಿದ್ರಲ್ಲ, ಪರದೇಶಿ ಕೆಲಸಗಾರರಲ್ಲಿ ಇದು ತುಂಬ ಸಾಮಾನ್ಯ, ಅವರ ಮೇಲಿರೋ ಒತ್ತಡ ಅಂಥದ್ದು, ಆರೈಕೆಗೆ ಅಂತ ಅವರನ್ನ ಎಲ್ಲಿಗೂ ಕಳಿಸೋ ಹಾಗಿಲ್ಲ, ಆಪರೇಷನ್ ಮಾಡಿ ಕಳಿಸ್ತೀವಿ, ಆರು ತಿಂಗಳಿಗೆ ಮತ್ತೆ ಬರ್ತಾರೆ. ಎಮ್ಮಿ ಹಾಗಾಗೋಕೆ ನಾನು ಬಿಡಲ್ಲ ಅಂತಾಳೆ. ಅವಳು ಮನೆಗೆ ಹೋಗಿ ಕೂಸ್‌ಕೂಸ್ ಕಲೀತಾಳೆ ಅಂತಲೇ ನನ್ನ ನಂಬಿಕೆ. ಆದ್ರೆ ಆ ಹುಣ್ಣು ಎಮ್ಮಿ ಅಡುಗೆಮನೇಲಿ ಮಾತ್ರ ಆಗಿದ್ದಲ್ಲ. ನಾಲ್ಕಾರು ಜನ ಮಲಗೋ ರೂಮಲ್ಲಿ, ಗ್ಯಾರೇಜಿನ ನಗುವಲ್ಲಿ, ಮಾರ್ಗರೀನ್ ಕೊಡದ ಅಂಗಡಿಯಲ್ಲಿ, ದುಡಿಯೋಕೆ ಕರೆಸಿ ಆರೈಕೆ ಕೊಡದ ಕಾನೂನಲ್ಲಿ ಆಗಿದ್ದು. ಒಬ್ಬ ನೆಲ ಒರೆಸೋ ಹೆಂಗಸಿನ ತಲೆಗೆ ಅದನ್ನೆಲ್ಲ ಕಟ್ಟೋಕೆ ನಾನು ತಯಾರಿಲ್ಲ ಅಂದೆ. ಆ ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, “ಆದ್ರೂ ಮಾಡಿ ಹಾಕ್ಬೇಕಿತ್ತು” ಅಂದ್ರು.